ಕಿರುಬೆರಳಿಗೆ ಜೋಮು: ಕಾರಣ ಮೊಣಕೈಯಲ್ಲಿರಬಹುದು

ಮೊಣಕೈಯ ಒಳಬದಿ ಬಾಗಿಲಿಗೋ ಮೇಜಿನ ಅಂಚಿಗೋ ತಗುಲಿದಾಗ ಕಿರುಬೆರಳಿನವರೆಗೂ ಕರೆಂಟು ಹೊಡೆದಂತಾಗುವುದು ಎಲ್ಲರ ಅನುಭವ. ಆ ಪೆಟ್ಟು ತಗುಲುವುದು ಮೂಳೆಯ ಹಿಂದೆ, ಚರ್ಮದ ಅಡಿಯಲ್ಲೇ ಹಾದುಹೋಗುವ ಅಲ್ನರ್ ನರಕ್ಕೆ. ಇದೇ ನರ ಅದೇ ಜಾಗದಲ್ಲಿ ದೀರ್ಘಕಾಲ ಒತ್ತಡಕ್ಕೆ ಸಿಲುಕಿದರೆ ಉಂಟಾಗುವ ತೊಂದರೆಗೆ ವೈದ್ಯರು ‘ಕ್ಯೂಬಿಟಲ್ ಟನಲ್ ಸಿಂಡ್ರೋಮ್’ ಎನ್ನುತ್ತಾರೆ. ಕೈಯ ನರ ಒತ್ತಿಕೊಳ್ಳುವ ಕಾಯಿಲೆಗಳಲ್ಲಿ ಮಣಿಕಟ್ಟಿನ ಕಾರ್ಪಲ್ ಟನಲ್ ಬಿಟ್ಟರೆ ಹೆಚ್ಚಾಗಿ ಕಾಣುವುದು ಇದೇ.

ಮೊಣಕೈಯಲ್ಲಿ ಈ ನರಕ್ಕಿರುವ ದಾರಿ ಇಕ್ಕಟ್ಟಿನದು. ಒಂದು ಕಡೆ ಮೂಳೆ, ಇನ್ನೊಂದು ಕಡೆ ಗಟ್ಟಿ ಪೊರೆ. ಕೈ ಮಡಚಿದಾಗ ದಾರಿ ಮತ್ತಷ್ಟು ಕಿರಿದಾಗುತ್ತದೆ, ನರವೂ ಎಳೆದಂತಾಗುತ್ತದೆ. ಕೈ ಮಡಚಿ ತಲೆಯಡಿ ಇಟ್ಟು ಮಲಗುವವರಿಗೆ ನಡುರಾತ್ರಿ ಜೋಮು ಹಿಡಿದು ಎಚ್ಚರವಾಗುವುದು ಇದರಿಂದಲೇ. ಗಂಟೆಗಟ್ಟಲೆ ಮೊಬೈಲನ್ನು ಕಿವಿಗಿಟ್ಟುಕೊಳ್ಳುವವರು, ಕಿಟಕಿಯ ಅಂಚಿಗೆ ಮೊಣಕೈ ಊರುವ ಚಾಲಕರು, ದಿನವಿಡೀ ಕೈ ಮಡಚಿ ಬೀಡಿ ಕಟ್ಟುವ ತಾಯಂದಿರು, ಮೇಜಿಗೆ ಮೊಣಕೈ ಕೊಟ್ಟು ಬರೆಯುವವರು (ಸಂಪಾದಕರನ್ನೂ ಸೇರಿಸಿ) ಇದನ್ನು ಗಮನದಲ್ಲಿಡಬೇಕು. ಬಾಲ್ಯದಲ್ಲಿ ಮೊಣಕೈ ಮುರಿದು ಸೊಟ್ಟಗೆ ಕೂಡಿಕೊಂಡಿದ್ದರೆ ಹತ್ತಿಪ್ಪತ್ತು ವರ್ಷಗಳ ನಂತರವೂ ಈ ತೊಂದರೆ ಬರಬಹುದು.

ಮೊದಲ ಲಕ್ಷಣ ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಭಾಗಕ್ಕೆ ಜೋಮು ಹಿಡಿಯುವುದು. ನಮ್ಮಲ್ಲಿ ಅನೇಕರು ಎಣ್ಣೆ ತಿಕ್ಕಿ, ‘ವಾಯು’ ಎಂದುಕೊಂಡು ವರ್ಷ ಕಳೆಯುತ್ತಾರೆ. ಅಪಾಯವಿರುವುದು ಇಲ್ಲಿಯೇ. ಅಂಗೈಯ ಸಣ್ಣ ಸ್ನಾಯುಗಳಲ್ಲಿ ಹೆಚ್ಚಿನವು ಈ ನರದ ಅಧೀನದಲ್ಲಿವೆ. ನರ ಸೋತಂತೆ ಅವೂ ಸೊರಗುತ್ತವೆ. ಬೀಗದ ಕೈ ತಿರುಗಿಸಲು, ಅಂಗಿಯ ಗುಂಡಿ ಹಾಕಲು ಕಷ್ಟವಾಗುತ್ತದೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಕೈಯ ಹಿಂಬದಿಯಲ್ಲಿ ಗುಳಿ ಬೀಳುತ್ತದೆ. ಆ ಗುಳಿ ಕಂಡ ಮೇಲೆ ಶಸ್ತ್ರಚಿಕಿತ್ಸೆ ಮಾಡಿದರೂ ಹಿಂದಿನ ಬಲ ಪೂರ್ತಿ ಮರಳುತ್ತದೆಂದು ಹೇಳಲಾಗದು.

ಇನ್ನೊಂದು ಮಾತನ್ನು ಹೇಳಲೇಬೇಕು. ಕುಷ್ಠರೋಗ ಅತಿ ಹೆಚ್ಚಾಗಿ ಹಿಡಿಯುವ ನರಗಳಲ್ಲಿ ಇದೂ ಒಂದು, ಅದೂ ಮೊಣಕೈಯ ಬಳಿಯೇ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ತೆರೆದ ಕಾಲದಲ್ಲಿ, ಹೀಗೆ ಮುದುಡಿದ ಬೆರಳುಗಳನ್ನು ಬಿಡಿಸುವ ದಾರಿಯಿರಲಿಲ್ಲ. 1940ರ ದಶಕದ ಕೊನೆಯಲ್ಲಿ ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಸ್ನಾಯುರಜ್ಜುಗಳನ್ನು ಬೇರೆಡೆಗೆ ಜೋಡಿಸಿ ಅಂತಹ ಕೈಗಳಿಗೆ ಮತ್ತೆ ದುಡಿಯುವ ಶಕ್ತಿ ಕೊಟ್ಟರು. ರೋಗ ಇಂದಿಗೂ ಪೂರ್ತಿ ಅಳಿದಿಲ್ಲ. ಜೋಮಿನ ಜೊತೆಗೆ ಚರ್ಮದ ಮೇಲೆ ಸ್ಪರ್ಶವಿಲ್ಲದ ಮಸುಕು ಮಚ್ಚೆ ಇದ್ದರೆ ಸಂಕೋಚಪಡದೆ ತೋರಿಸಿ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಔಷಧ ಉಚಿತ.

ಕುತ್ತಿಗೆಯ ಸವೆತ, ಸಕ್ಕರೆ ಕಾಯಿಲೆಗಳೂ ಇಂಥದೇ ಲಕ್ಷಣ ತೋರಬಹುದಾದ್ದರಿಂದ ವೈದ್ಯರು ನರದ ವೇಗ ಅಳೆಯುವ ಪರೀಕ್ಷೆ ಮಾಡಿಸುತ್ತಾರೆ. ಆರಂಭದ ಹಂತದಲ್ಲಿ ಚಿಕಿತ್ಸೆ ಸರಳ, ಖರ್ಚೂ ಕಡಿಮೆ: ಮೊಣಕೈ ಊರುವುದನ್ನು ಬಿಡುವುದು, ರಾತ್ರಿ ಕೈ ಹೆಚ್ಚು ಮಡಚದಂತೆ ಪಟ್ಟಿ ಕಟ್ಟುವುದು. ದಪ್ಪ ಟವೆಲನ್ನು ಮೊಣಕೈಗೆ ಸಡಿಲವಾಗಿ ಸುತ್ತಿ ಮಲಗಿದರೂ ನಡೆಯುತ್ತದೆ. ಕೆಲವು ತಿಂಗಳಲ್ಲಿ ಗುಣ ಕಾಣದಿದ್ದರೆ, ಅಥವಾ ಕೈ ಬಲಗುಂದುತ್ತಿದ್ದರೆ, ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಒತ್ತುವ ಪೊರೆಯನ್ನು ಕತ್ತರಿಸಿ ನರವನ್ನು ಸಡಿಲಿಸುವುದು ಒಂದು ವಿಧಾನ, ನರವನ್ನೇ ಮೊಣಕೈಯ ಮುಂಭಾಗಕ್ಕೆ ಸರಿಸುವುದು ಇನ್ನೊಂದು. ಹೆಚ್ಚಿನ ರೋಗಿಗಳಿಗೆ ಎರಡರ ಫಲವೂ ಒಂದೇ, ಮೊದಲನೆಯದರಲ್ಲಿ ತೊಡಕು ಕಡಿಮೆ. ನರ ಜಾಗ ತಪ್ಪಿ ಜಾರುತ್ತಿದ್ದರೆ ಎರಡನೆಯದೇ ಬೇಕಾದೀತು. ಹೊಲಿಗೆ ಬಿಚ್ಚಿದೊಡನೆ ಬೆರಳು ಸರಿಹೋಗಬೇಕೆಂದು ಅವಸರಪಡಬೇಡಿ. ಹಾನಿಗೊಂಡ ನರದ ಎಳೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ, ಮೊಣಕೈಯಿಂದ ಅಂಗೈ ಮುಟ್ಟಲು ಅದಕ್ಕೆ ಎಂಟು-ಹತ್ತು ತಿಂಗಳಾದರೂ ಬೇಕು.