ಡೋರಾ ಚಂಡಮಾರುತ, ಬೀಟಲ್ಸ್ ಮತ್ತು ಜ್ಯಾಕ್ಸನ್‌ವಿಲ್‌ನ ಆಸನಗಳು

1964ರ ಸೆಪ್ಟೆಂಬರ್ 9ರಂದು, ಇನ್ನೂ ಬೆಳಕು ಹರಿಯುವ ಮುನ್ನವೇ, ಫ್ಲಾರಿಡಾದ ದಕ್ಷಿಣ ತುದಿಯಲ್ಲಿರುವ ಕೀ ವೆಸ್ಟ್ ಎಂಬ ಪುಟ್ಟ ದ್ವೀಪದಲ್ಲಿ ಒಂದು ಬಾಡಿಗೆ ವಿಮಾನ ಇಳಿಯಿತು. ಒಳಗಿದ್ದವರು ಬೀಟಲ್ಸ್ ಮತ್ತು ಅವರ ತಂಡದವರು. ಅವರು ಹೋಗಬೇಕಿದ್ದದ್ದು ಅದೇ ರಾಜ್ಯದ ಉತ್ತರದಲ್ಲಿರುವ ಜ್ಯಾಕ್ಸನ್‌ವಿಲ್‌ಗೆ. ಅಲ್ಲಿಗೆ ರಸ್ತೆಯಲ್ಲಿ ಹೋದರೆ ಇನ್ನೂ ಸುಮಾರು 800 ಕಿಲೋಮೀಟರ್ ದೂರ. ಆದರೆ ಡೋರಾ ಎಂಬ ಚಂಡಮಾರುತ ಆ ಕರಾವಳಿಯತ್ತ ಹೊರಟಿತ್ತು. ಹಾಗಾಗಿ ವಿಮಾನ ದಾರಿ ಬದಲಿಸಿತ್ತು.

ಹಿಂದಿನ ದಿನ ಅವರು ಕೆನಡಾದ ಮಾಂಟ್ರಿಯಲ್‌ನಲ್ಲಿ ಹಾಡಿದ್ದರು. ಅಲ್ಲಿ ಡ್ರಮ್ ಬಾರಿಸುವ ರಿಂಗೋ ಸ್ಟಾರ್‌ಗೆ ಕೊಲೆ ಬೆದರಿಕೆ ಬಂದಿತ್ತು. ಆತ ಯಹೂದಿ ಎಂಬುದೇ ಬೆದರಿಸಿದವರ ಸಿಟ್ಟಿಗೆ ಕಾರಣ. ಆತ ಯಹೂದಿಯೇ ಆಗಿರಲಿಲ್ಲ. ಅಲ್ಲಿ ರಾತ್ರಿ ಕಳೆಯುವುದು ಬೇಡವೆಂದು ಕಛೇರಿ ಮುಗಿದ ಕೂಡಲೇ ಹೊರಟುಬಿಟ್ಟಿದ್ದರು. ಹೀಗೆ ಒಂದು ಊರಿನ ದ್ವೇಷದಿಂದ ಪಾರಾಗಿ ಬಂದವರು, ಮುಂದಿನ ಊರಿನಲ್ಲಿ ಕಾದಿದ್ದ ಇನ್ನೊಂದು ಬಗೆಯ ಭೇದಕ್ಕೆ ಎದುರಾಗುವ ಮುನ್ನ, ಎರಡು ದಿನ ಕೀ ವೆಸ್ಟ್‌ನಲ್ಲಿ ಉಳಿಯಬೇಕಾಯಿತು.

ಆ ಎರಡು ದಿನಗಳ ಬಗ್ಗೆ ಪಾಲ್ ಮೆಕಾರ್ಟ್ನಿ ನಂತರ ಹಲವು ಸಲ ಹೇಳಿಕೊಂಡಿದ್ದಾರೆ. ಮಾಡಲು ಕೆಲಸವಿಲ್ಲ, ಹೋಗಲು ಜಾಗವಿಲ್ಲ. ಒಂದು ರಾತ್ರಿ ತಾವೂ ಜಾನ್ ಲೆನನ್ನೂ ಕುಡಿದು, ಮಾತಾಡುತ್ತಾ ಅತ್ತುಬಿಟ್ಟೆವು ಎಂದಿದ್ದಾರೆ. ಲೆನನ್ ಕೊಲೆಯಾದ ಬಳಿಕ ಅವರು ಗೆಳೆಯನ ನೆನಪಿಗೆ ಬರೆದು 1982ರಲ್ಲಿ ಹೊರತಂದ ‘ಹಿಯರ್ ಟುಡೇ’ ಹಾಡಿನಲ್ಲಿ ಆ ರಾತ್ರಿಯೂ ಇದೆ. ಆಗ ಲೆನನ್‌ಗೆ 23, ಮೆಕಾರ್ಟ್ನಿಗೆ 22 ವರ್ಷ.

ಜ್ಯಾಕ್ಸನ್‌ವಿಲ್‌ನ ಪ್ರಶ್ನೆ ಮಾತ್ರ ಮಳೆಗಾಳಿಯದ್ದಷ್ಟೇ ಆಗಿರಲಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ದಶಕಗಳಿಂದ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ನಲ್ಲಿ, ಬೇರೆ ಆಸನ. ಪಂಕ್ತಿಭೇದ ಎಂಬ ಮಾತು ಗೊತ್ತಿರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಇದಕ್ಕೆ ಮುದ್ರೆ ಒತ್ತಿತ್ತು: ಸೌಲಭ್ಯ ಸಮಾನವಾಗಿದ್ದರೆ ಸಾಕು, ಬೇರೆಬೇರೆಯಾಗಿ ಇಟ್ಟರೂ ತಪ್ಪಿಲ್ಲ ಎಂಬುದು ಅದರ ವಾದ. ಸಮಾನತೆ ಕಾಗದದಲ್ಲಿ ಉಳಿಯಿತು, ಪ್ರತ್ಯೇಕತೆ ಬೀದಿಗಿಳಿಯಿತು.

ಜ್ಯಾಕ್ಸನ್‌ವಿಲ್ ಇದರಲ್ಲಿ ಹಿಂದೆ ಬಿದ್ದ ಊರಲ್ಲ. 1960ರ ಆಗಸ್ಟ್‌ನಲ್ಲಿ ಅಲ್ಲಿನ ಕಪ್ಪು ಹುಡುಗ ಹುಡುಗಿಯರು ಬಿಳಿಯರಿಗಷ್ಟೇ ಮೀಸಲಾದ ಊಟದ ಕೌಂಟರುಗಳಲ್ಲಿ ಕೂತು ಪ್ರತಿಭಟಿಸತೊಡಗಿದರು. ಅವರ ಯುವ ಸಂಘಟನೆಯ ಅಧ್ಯಕ್ಷ ರಾಡ್ನಿ ಹರ್ಸ್ಟ್‌ಗೆ 16 ವರ್ಷ. ಆಗಸ್ಟ್ 27ರ ಶನಿವಾರ ಬಿಳಿಯರ ಗುಂಪೊಂದು ಕೊಡಲಿ ಕಾವು, ಬೇಸ್‌ಬಾಲ್ ಬ್ಯಾಟು ಹಿಡಿದು ಬಂದು ಅವರನ್ನು ಬಡಿಯಿತು. ಆ ದಿನಕ್ಕೆ ‘ಕೊಡಲಿ ಕಾವಿನ ಶನಿವಾರ’ ಎಂಬ ಹೆಸರೇ ಉಳಿದಿದೆ.

1964ರ ಜುಲೈ 2ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ಹೋಟೆಲು, ಚಿತ್ರಮಂದಿರ, ಕ್ರೀಡಾಂಗಣಗಳಲ್ಲಿ ಬಣ್ಣ ನೋಡಿ ಜಾಗ ಕೊಡುವುದು ಅಪರಾಧವಲ್ಲದಿದ್ದರೂ ಕಾನೂನುಬಾಹಿರವಾಯಿತು. ಬೀಟಲ್ಸ್ ಹಾಡಬೇಕಿದ್ದ ಗೇಟರ್ ಬೌಲ್ ಕ್ರೀಡಾಂಗಣಕ್ಕೂ ಅದು ಅನ್ವಯಿಸುತ್ತಿತ್ತು. ಅಂದರೆ ಕಛೇರಿಯ ಹೊತ್ತಿಗೆ ಕಾಯ್ದೆಗೆ 71 ದಿನ ತುಂಬಿತ್ತು. ಆದರೂ ಅಲ್ಲಿ ಜನರನ್ನು ಬೇರೆ ಕೂರಿಸುತ್ತಾರೆ ಎಂಬ ಸುದ್ದಿ ತಂಡದ ಕಿವಿಗೆ ಬಿದ್ದಿತ್ತು. ತಂಡದ ಜತೆ ಪ್ರಯಾಣಿಸುತ್ತಿದ್ದ ಯುವ ರೇಡಿಯೋ ವರದಿಗಾರ ಲ್ಯಾರಿ ಕೇನ್ ಈ ಬಗ್ಗೆ ಅವರನ್ನು ಕೇಳಿದ್ದರು. ಸೆಪ್ಟೆಂಬರ್ 6ರಂದು ಬೀಟಲ್ಸ್ ಬಹಿರಂಗವಾಗಿಯೇ ತಿಳಿಸಿದರು: ಕಪ್ಪು ಜನರಿಗೆ ಇಷ್ಟಬಂದ ಕಡೆ ಕೂರಲು ಬಿಡದಿದ್ದರೆ ನಾವು ಹಾಡುವುದಿಲ್ಲ.

ಇದರಲ್ಲಿ ಹೊಸದೇನಿತ್ತು? ನಿಜ ಹೇಳಬೇಕೆಂದರೆ, ನಿರಾಕರಿಸಿದವರಲ್ಲಿ ಅವರು ಮೊದಲಿಗರಲ್ಲ. ಜಾಝ್ ಸಂಘಟಕ ನಾರ್ಮನ್ ಗ್ರ್ಯಾಂಝ್ ಬಹಳ ಹಿಂದೆಯೇ ಇಂಥ ಷರತ್ತು ಹಾಕುತ್ತಿದ್ದರು. 1961ರಲ್ಲಿ ರೇ ಚಾರ್ಲ್ಸ್ ಜಾರ್ಜಿಯಾದ ಅಗಸ್ಟಾದಲ್ಲಿ ಹಾಡಲು ಒಲ್ಲೆನೆಂದರು. ಕರಾರು ಮುರಿದದ್ದಕ್ಕೆ ಅವರು ದಂಡ ತೆರಬೇಕಾಯಿತು. ಬೀಟಲ್ಸ್‌ಗೆ ಅಂಥ ಬೆಲೆ ತೆರುವ ಸಂದರ್ಭ ಬರಲಿಲ್ಲ. ಕಾನೂನು ಅವರ ಬೆನ್ನಿಗಿತ್ತು. ಅಂದು ಅವರಷ್ಟು ಬೇಡಿಕೆಯ ತಂಡ ಬೇರೊಂದಿರಲಿಲ್ಲ. ಪೆಟ್ಟು ತಿಂದವರು ಬೇರೆ, ಹೆಸರು ಗಳಿಸಿದವರು ಬೇರೆ ಎಂಬುದನ್ನು ಮರೆಯಬಾರದು.

ಹಾಗೆಂದು ಅವರ ಮಾತು ಹಗುರವೂ ಅಲ್ಲ. ಕಾಯ್ದೆ ಬಂದ ಮಾತ್ರಕ್ಕೆ ಗೇಟು ಕಾಯುವವನ ಕೈ ತಾನಾಗಿ ಬದಲಾಗುವುದಿಲ್ಲ. ಯಾರೋ ಒಬ್ಬರು ಕೇಳಬೇಕು, ಕೇಳಿದವರನ್ನು ಸುಮ್ಮನೆ ಸಾಗಹಾಕಲು ಆಗಬಾರದು. ಈ ನಾಲ್ವರು ಬರದಿದ್ದರೆ ಸಂಘಟಕರಿಗೆ ನಷ್ಟ, ಊರಿನ ಬಿಳಿಯ ಮಕ್ಕಳಿಗೆ ನಿರಾಸೆ. ಭೇದ ಮಾಡುವುದಕ್ಕೆ ಭೇದ ಮಾಡುವವರೇ ಬೆಲೆ ತೆರಬೇಕಾದ ಸ್ಥಿತಿ ಬಂತು.

ಇನ್ನೊಂದು ಮಾತೂ ಇದೆ. ಆ ಪ್ರವಾಸದಲ್ಲಿ ಅವರು ಹಾಡುತ್ತಿದ್ದ ಹಾಡುಗಳಲ್ಲಿ ಚಕ್ ಬೆರಿಯದ್ದೂ ಲಿಟಲ್ ರಿಚರ್ಡ್‌ನದ್ದೂ ಇದ್ದವು. ಇಬ್ಬರೂ ಕಪ್ಪು ಕಲಾವಿದರು. ಬೀಟಲ್ಸ್‌ಗಿಂತ ಮೊದಲು ವೇದಿಕೆಗೆ ಬರುತ್ತಿದ್ದ ಎಕ್ಸೈಟರ್ಸ್ ಮತ್ತು ಕ್ಲಾರೆನ್ಸ್ ‘ಫ್ರಾಗ್‌ಮ್ಯಾನ್’ ಹೆನ್ರಿ ಕೂಡ ಕಪ್ಪು ಜನರೇ. ಒಂದೇ ವಿಮಾನದಲ್ಲಿ ಎಲ್ಲರೂ ಊರೂರು ಸುತ್ತುತ್ತಿದ್ದರು. ವೇದಿಕೆ ಹತ್ತಬಹುದಾದವರು ಪ್ರೇಕ್ಷಕರ ನಡುವೆ ಕೂರುವಂತಿಲ್ಲ ಎಂಬ ನಿಯಮದ ಹುಳುಕು ಆ ವಿಮಾನದೊಳಗೇ ಎದ್ದು ಕಾಣುತ್ತಿತ್ತು.

ಸೆಪ್ಟೆಂಬರ್ 10ರ ಮಧ್ಯರಾತ್ರಿ ದಾಟಿದ ಮೇಲೆ ಡೋರಾ ಸೇಂಟ್ ಅಗಸ್ಟೀನ್ ಬಳಿ ದಡಕ್ಕೆ ಅಪ್ಪಳಿಸಿತು. ಮರುದಿನ ಸಂಜೆ ಬೀಟಲ್ಸ್ ಜ್ಯಾಕ್ಸನ್‌ವಿಲ್ ತಲುಪಿದಾಗ ಊರಿನ ಹಲವೆಡೆ ಕರೆಂಟ್ ಇರಲಿಲ್ಲ. ಟಿಕೆಟ್ ಕೊಂಡಿದ್ದ ಸಾವಿರಾರು ಜನರಿಗೆ ಬರಲಾಗಲಿಲ್ಲ. ಆದರೂ 20,000ಕ್ಕೂ ಹೆಚ್ಚು ಮಂದಿ ಸೇರಿದ್ದರು. ಗಾಳಿ ಎಷ್ಟು ಜೋರಿತ್ತೆಂದರೆ ರಿಂಗೋ ಅವರ ಡ್ರಮ್ಮುಗಳನ್ನು ವೇದಿಕೆಗೆ ಮೊಳೆ ಹೊಡೆದು ನಿಲ್ಲಿಸಿದ್ದರು. ಜನರನ್ನು ಬಣ್ಣ ನೋಡಿ ಬೇರ್ಪಡಿಸಲಿಲ್ಲ. ಆ ಊರಿನ ಕಪ್ಪು ಹುಡುಗಿ, ಮುಂದೆ ಲೇಖಕಿಯಾದ ಕಿಟ್ಟಿ ಆಲಿವರ್, ಆ ಸಂಜೆ ಬಿಳಿಯರ ನಡುವೆ ಕೂತು ಮೊದಲು ಅಳುಕಿದ್ದನ್ನೂ, ಆಮೇಲೆ ಅವರೊಂದಿಗೇ ದನಿಯೆತ್ತಿ ಹಾಡಿದ್ದನ್ನೂ 2016ರ ‘ಏಯ್ಟ್ ಡೇಸ್ ಎ ವೀಕ್’ ಸಾಕ್ಷ್ಯಚಿತ್ರದಲ್ಲಿ ನೆನೆದಿದ್ದಾರೆ.

ಆ ಸಂಜೆ ಕಛೇರಿ ತಡವಾದದ್ದಕ್ಕೆ ಆಸನಗಳು ಕಾರಣವಲ್ಲ. ಸಿನಿಮಾ ಸುದ್ದಿಚಿತ್ರದ ಛಾಯಾಗ್ರಾಹಕರನ್ನು ಹೊರಗೆ ಕಳಿಸುವವರೆಗೆ ಬೀಟಲ್ಸ್ ವೇದಿಕೆಗೆ ಬರಲಿಲ್ಲ. ತಮ್ಮ ಕಛೇರಿಯನ್ನು ಪುಕ್ಕಟೆಯಾಗಿ ಚಿತ್ರೀಕರಿಸಿ ಬೇರೆಯವರು ಹಣ ಮಾಡುವುದು ಅವರಿಗೆ ಬೇಕಿರಲಿಲ್ಲ. ತತ್ವಕ್ಕೂ ವ್ಯವಹಾರಕ್ಕೂ ಅವರು ಪಟ್ಟು ಹಿಡಿದದ್ದು ಒಂದೇ ರೀತಿಯಲ್ಲಿ: ಮೊದಲು ಷರತ್ತು, ಆಮೇಲೆ ಹಾಡು.

ಮರುವರ್ಷ ಅದು ಬರವಣಿಗೆಗೂ ಇಳಿಯಿತು. ಕ್ಯಾಲಿಫೋರ್ನಿಯಾದ ಕೌ ಪ್ಯಾಲೇಸ್‌ನಲ್ಲಿ 1965ರ ಆಗಸ್ಟ್ 31ರಂದು ನಡೆದ ಕಛೇರಿಯ ಕರಾರುಪತ್ರಕ್ಕೆ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ ಸಹಿ ಇದೆ. ಕನಿಷ್ಠ 40,000 ಡಾಲರ್ ಸಂಭಾವನೆಯ ಜತೆಗೆ, ಬಣ್ಣದ ಆಧಾರದಲ್ಲಿ ಬೇರ್ಪಡಿಸಿದ ಪ್ರೇಕ್ಷಕರ ಮುಂದೆ ಹಾಡುವ ಬಾಧ್ಯತೆ ಕಲಾವಿದರಿಗಿಲ್ಲ ಎಂಬ ಷರತ್ತೂ ಅದರಲ್ಲಿದೆ. 2011ರಲ್ಲಿ ಆ ಕಾಗದ ಹರಾಜಿಗೆ ಬಂದಾಗಲೇ ಹೆಚ್ಚಿನವರಿಗೆ ಅದರ ವಿಷಯ ತಿಳಿದದ್ದು. ಅಷ್ಟು ಹೊತ್ತಿಗೆ ಗೇಟರ್ ಬೌಲ್ ಕ್ರೀಡಾಂಗಣವನ್ನು ಕೆಡವಿ, ಅದರ ಜಾಗದಲ್ಲಿ ಹೊಸದನ್ನು ಕಟ್ಟಿ ವರ್ಷಗಳೇ ಆಗಿದ್ದವು.