ಬಾಣಂತನದ ಖರ್ಚು ಯಾರ ಖಾತೆಗೆ?

ಮಂಡ್ಯದ ಕೊತ್ತತ್ತಿ ಹೋಬಳಿಯ ಹೆಣ್ಣುಮಗಳೊಬ್ಬಳು ಬಸುರಾದರೆ ಆಶಾ ಕಾರ್ಯಕರ್ತೆ ಮೊದಲು ಮಾಡಿಸುವುದು ತಾಯಿ ಕಾರ್ಡು. ತೂಕ, ಬಿಪಿ, ಹಿಮೋಗ್ಲೋಬಿನ್, ಚುಚ್ಚುಮದ್ದು, ಕಬ್ಬಿಣಾಂಶದ ಮಾತ್ರೆ, ಹೆರಿಗೆಯ ಅಂದಾಜು ದಿನ, ಆಮೇಲೆ ಮಗುವಿನ ತೂಕ, ಲಸಿಕೆ ಎಲ್ಲಕ್ಕೂ ಅದರಲ್ಲಿ ಜಾಗವುಂಟು. ಈ ಹೆರಿಗೆಗೆ ಮನೆಯಿಂದ ಎಷ್ಟು ದುಡ್ಡು ಹೋಯಿತು ಅಂತ ಬರೆಯುವುದಕ್ಕೆ ಮಾತ್ರ ಇಲ್ಲ. ತಾಯಿ-ಮಕ್ಕಳ ಆರೋಗ್ಯದ ಅರ್ಥಶಾಸ್ತ್ರ ಅರ್ಧ ಶತಮಾನಕ್ಕೂ ಮೇಲ್ಪಟ್ಟ ಕಾಲದಲ್ಲಿ ಏನೇನು ಎಣಿಸಿತು, ಏನನ್ನು ಎಣಿಸದೆ ಬಿಟ್ಟಿತು ಎಂದು ನೋಡಹೊರಟರೆ ಈ ಕಾರ್ಡೇ ಒಂದು ಸಾಕ್ಷಿ. ಆ ಶಾಸ್ತ್ರದ ಕೆಲವು ಮುಖ್ಯ ಅಧ್ಯಾಯಗಳು ಬರೆಯಲ್ಪಟ್ಟದ್ದು ಲಂಡನ್ನು, ವಾಷಿಂಗ್ಟನ್ನುಗಳಲ್ಲಲ್ಲ. ಮಂಡ್ಯದಿಂದ ಬಸ್ಸು ಹತ್ತಿದರೆ ಒಂದೂವರೆ ಗಂಟೆಯೊಳಗೆ ಸಿಗುವ ಊರುಗಳಲ್ಲಿ.

ಶುರುವಿನಲ್ಲಿ ಅರ್ಥಶಾಸ್ತ್ರಜ್ಞರ ಕಣ್ಣಿಗೆ ಮಗು ಎಂದರೆ ಉಣ್ಣುವ ಇನ್ನೊಂದು ಬಾಯಿ. ಮೈಸೂರು ಸಂಸ್ಥಾನ 1930ರಲ್ಲೇ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರ ತೆರೆಯಲು ಆದೇಶಿಸಿತ್ತು. ಜಗತ್ತಿನಲ್ಲಿ ಸರ್ಕಾರವೊಂದು ಇಂಥ ಕೆಲಸಕ್ಕೆ ಕೈ ಹಾಕಿದ್ದು ಇದೇ ಮೊದಲು ಎನ್ನುತ್ತಾರೆ. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಸೇರಿ ಮೈಸೂರು ಜನಸಂಖ್ಯಾ ಅಧ್ಯಯನ ನಡೆಸಿದವು. ಅದೇ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅಮೆರಿಕದ ಡಾ. ಅಬ್ರಹಾಂ ಸ್ಟೋನ್ ರಾಮನಗರಕ್ಕೆ ಬಂದರು. ‘ಸುರಕ್ಷಿತ ದಿನ’ಗಳ ಲೆಕ್ಕ ಹಿಡಿಯಲು ಅಲ್ಲಿನ ಹೆಂಗಸರಿಗೆ ಬಣ್ಣಬಣ್ಣದ ಮಣಿಗಳ ಸರ ಕೊಟ್ಟು, ದಿನಕ್ಕೊಂದು ಮಣಿ ಸರಿಸುತ್ತ ಹೋಗಿ ಎಂದು ಹೇಳಿಕೊಡಲಾಯಿತು. ಪ್ರಯೋಗ ಕೈಗೂಡಲಿಲ್ಲ. ಗಂಡಸರಿಗೆ ಯಾವ ಸರವನ್ನೂ ಕೊಡದೆ ಮಾಡಿದ ಪ್ರಯೋಗ ಕೈಗೂಡೀತಾದರೂ ಹೇಗೆ! 1958ರಲ್ಲಿ ಕೋಲ್ ಮತ್ತು ಹೂವರ್ ಭಾರತವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಬರೆದ ಪುಸ್ತಕ ಈ ದೃಷ್ಟಿಗೆ ಶಾಸ್ತ್ರದ ಮುದ್ರೆ ಒತ್ತಿತು: ಹುಟ್ಟುವ ಮಕ್ಕಳು ಹೆಚ್ಚಿದಷ್ಟೂ ಉಳಿತಾಯ ಕಮ್ಮಿ, ಬೆಳವಣಿಗೆ ಕುಂಠಿತ. ಆ ಸಮೀಕರಣದಲ್ಲಿ ತಾಯಿ ಎಂಬವಳು ಬರುವುದು ಸಂಖ್ಯೆಯಾಗಿ ಮಾತ್ರ.

ಈ ಲೆಕ್ಕವನ್ನು ತಿರುಗಿಸಿದ್ದು ಮೈಸೂರಿನ ಹಳೆಯ ದಫ್ತರಗಳು. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ನಮ್ಮ ಕಡೆಯವರು ಮಿಷನ್ ಆಸ್ಪತ್ರೆ ಎನ್ನುವುದು, 1934ರಿಂದ ಅಲ್ಲಿ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟುಕೊಂಡು ಬಂದಿತ್ತು. ಯಾವ ಸಂಶೋಧನೆಗೂ ಅಲ್ಲ, ಅದು ಅಲ್ಲಿನ ಶಿಸ್ತು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನ ಸೂಲಗಿತ್ತಿಯರು ಬರೆದಿಟ್ಟ ಇಂಥವೇ ಪುಸ್ತಕಗಳಿಂದ ಡೇವಿಡ್ ಬಾರ್ಕರ್ ಒಂದು ವಾದ ಹೂಡಿದ್ದರು: ಹೊಟ್ಟೆಯಲ್ಲಿದ್ದಾಗ ಸೊರಗಿದ ಕೂಸಿಗೆ ನಡುವಯಸ್ಸಿನಲ್ಲಿ ಹೃದ್ರೋಗ ಬರುವ ಸಂಭವ ಜಾಸ್ತಿ. ಅದನ್ನು ಭಾರತದಲ್ಲಿ ಪರೀಕ್ಷಿಸಲು ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಈ ದಫ್ತರಗಳನ್ನು ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ್ದ 517 ಮಂದಿಯನ್ನು ಪತ್ತೆ ಮಾಡಿ ಪರೀಕ್ಷಿಸಿದರು. 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಫಲಿತಾಂಶ ಹೀಗಿತ್ತು: ಹುಟ್ಟುವಾಗ ಐದೂವರೆ ಪೌಂಡು ಅಥವಾ ಅದಕ್ಕಿಂತ ಕಮ್ಮಿ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗ, ಏಳು ಪೌಂಡಿಗೆ ಮೇಲ್ಪಟ್ಟವರಲ್ಲಿ ಮೂವರಿಗೆ. ಆ ಆಸ್ಪತ್ರೆಯಲ್ಲಿ ಆಮೇಲೆ ಬಸುರಿಯರ ಸಕ್ಕರೆ ಕಾಯಿಲೆ, ಬಿ12 ಕೊರತೆಗಳ ಮೇಲೂ ಅಧ್ಯಯನ ಬೆಳೆಯಿತು.

ವೈದ್ಯರ ಈ ಮಾತನ್ನು ಅರ್ಥಶಾಸ್ತ್ರಜ್ಞರು ಹಿಡಿದುಕೊಂಡರು. ಆರೋಗ್ಯವೂ ಒಂದು ಬಗೆಯ ಬಂಡವಾಳ ಎಂದು ಮೈಕೇಲ್ ಗ್ರಾಸ್‌ಮನ್ 1972ರಲ್ಲೇ ವಾದಿಸಿದ್ದರು. ಆ ಬಂಡವಾಳ ಹೂಡಿಕೆ ಶುರುವಾಗುವುದು ತಾಯಿಯ ಹೊಟ್ಟೆಯಲ್ಲಿ ಎಂಬುದಕ್ಕೆ ಈಗ ಪುರಾವೆ ಸೇರತೊಡಗಿತು. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಗರ್ಭದಲ್ಲಿದ್ದ ಅಮೆರಿಕನ್ನರು ದೊಡ್ಡವರಾದ ಮೇಲೆ ಓದಿನಲ್ಲಿ, ಸಂಪಾದನೆಯಲ್ಲಿ ಹಿಂದೆ ಬಿದ್ದಿದ್ದರು ಎಂದು ಡಗ್ಲಾಸ್ ಆಲ್ಮಂಡ್ 2006ರಲ್ಲಿ ತೋರಿಸಿದರು. ಗ್ವಾಟೆಮಾಲಾದ ಹಳ್ಳಿಗಳಲ್ಲಿ 1969ರಿಂದ 1977ರವರೆಗೆ ಮಕ್ಕಳಿಗೆ ಪೌಷ್ಟಿಕ ಗಂಜಿ ಕೊಟ್ಟಿದ್ದರು. ಎರಡು ವರ್ಷದೊಳಗೆ ಅದನ್ನು ಕುಡಿದ ಗಂಡುಮಕ್ಕಳು ಬೆಳೆದು ದುಡಿಯುವಾಗ ಗಂಟೆಗೆ ಸರಾಸರಿ 46 ಪ್ರತಿಶತ ಹೆಚ್ಚು ಕೂಲಿ ಪಡೆಯುತ್ತಿದ್ದರು ಎಂದು 2008ರಲ್ಲಿ ಪ್ರಕಟವಾಯಿತು. ಹೆಣ್ಣುಮಕ್ಕಳ ಕೂಲಿಯಲ್ಲಿ ಆ ಏರಿಕೆ ಕಾಣಲಿಲ್ಲ. ಗಂಜಿ ಇಬ್ಬರ ಹೊಟ್ಟೆಗೂ ಒಂದೇ, ಸಂತೆಯಲ್ಲಿ ಬೆಲೆ ಬೇರೆ.

ಇದರ ಪಕ್ಕದಲ್ಲೇ ಇನ್ನೊಂದು ಎಳೆಯಿದೆ. ಜಾನ್ ಕಾಲ್ಡ್‌ವೆಲ್ 1979ರಲ್ಲಿ ನೈಜೀರಿಯಾದ ಅಂಕಿಅಂಶ ಇಟ್ಟುಕೊಂಡು, ಮಗು ಉಳಿಯುವುದಕ್ಕೆ ತಾಯಿಯ ಓದು ಎಷ್ಟು ಮುಖ್ಯ ಎಂದು ಬರೆದರು. ಆಮೇಲೆ ಬೆಂಗಳೂರಿನ ಪಿ.ಎಚ್. ರೆಡ್ಡಿಯವರ ಜೊತೆ ಕರ್ನಾಟಕದ ಹಳ್ಳಿಗಳಲ್ಲಿ ಕೂತು ಕೆಲಸ ಮಾಡಿ 1988ರಲ್ಲಿ ಪುಸ್ತಕ ತಂದರು. ಓದಿದ ಸೊಸೆ ಮಗುವಿಗೆ ಜ್ವರ ಬಂದರೆ ಅತ್ತೆಯ ಅಪ್ಪಣೆಗೆ ಕಾಯುವುದಿಲ್ಲ ಎಂಬ ಅವರ ಕಾಣ್ಕೆ ನಮ್ಮ ಹಳ್ಳಿಯವರಿಗೆ ಹೊಸದೇನಲ್ಲ. ಅದು ಶಾಸ್ತ್ರಕ್ಕೆ ಹೊಸದಾಗಿತ್ತು.

ಮುಂದಿನ ಘಟ್ಟ ದುಡ್ಡಿನದು. ತಮಿಳುನಾಡು 1987ರಲ್ಲಿ ಬಡ ಬಸುರಿಯರಿಗೆ ಮುನ್ನೂರು ರೂಪಾಯಿ ಕೊಡಲು ಶುರುಮಾಡಿತು. 2005ರಲ್ಲಿ ಕೇಂದ್ರದ ಜನನಿ ಸುರಕ್ಷಾ ಯೋಜನೆ ಬಂತು. ನಮ್ಮ ರಾಜ್ಯದ ಹಳ್ಳಿಯ ಬಡ ಹೆಂಗಸು ಆಸ್ಪತ್ರೆಯಲ್ಲಿ ಹೆತ್ತರೆ 700 ರೂಪಾಯಿ. ಅದರ ಹಿಂದೆಯೇ ಸೊಳ್ಳೆಪರದೆ, ಹೊದಿಕೆ, ಸೋಪು ತುಂಬಿದ ಮಡಿಲು ಕಿಟ್ಟು, ಹಿಂದುಳಿದ ಜಿಲ್ಲೆಗಳಲ್ಲಿ ಖಾಸಗಿ ಆಸ್ಪತ್ರೆಗಳನ್ನು ಜೋಡಿಸಿಕೊಂಡ ತಾಯಿ ಭಾಗ್ಯ. ಜನ ಆಸ್ಪತ್ರೆಗೆ ಬಂದರು: 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ. ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2001-03ರಲ್ಲಿ 228 ಇದ್ದದ್ದು 2018-20ರಲ್ಲಿ 69ಕ್ಕೆ ಇಳಿಯಿತು. ಆದರೆ ಅದೇ ಅವಧಿಯಲ್ಲಿ ಕೇರಳದ್ದು 19, ತಮಿಳುನಾಡಿನದು 54. ದಕ್ಷಿಣದಲ್ಲಿ ನಾವೇ ಕಡೆಯವರು.

ದುಡ್ಡು ಬಾಗಿಲವರೆಗೆ ಕರೆತರುತ್ತದೆ, ಒಳಗೆ ಆಗುವುದಕ್ಕೆ ಅದು ಹೊಣೆಯಲ್ಲ. ಇದನ್ನು ಖಚಿತವಾಗಿ ಹೇಳಿದ್ದು ಮುಂದಿನ ಹತ್ತು ವರ್ಷದ ಸಂಶೋಧನೆ. ಜನನಿ ಸುರಕ್ಷಾದಿಂದ ಆಸ್ಪತ್ರೆ ಹೆರಿಗೆ ಹೆಚ್ಚಿತಾದರೂ ನವಜಾತ ಶಿಶುಗಳ ಸಾವು ಅದರಿಂದ ಇಳಿಯಿತೆನ್ನಲು ಪುರಾವೆ ಸಾಲದು ಎಂದು 2015ರ ಒಂದು ವಿಶ್ಲೇಷಣೆ ಹೇಳಿತು. ತಾಯಿ ಭಾಗ್ಯಕ್ಕೆ ಮಾದರಿಯಾಗಿದ್ದ ಗುಜರಾತಿನ ಚಿರಂಜೀವಿ ಯೋಜನೆಯನ್ನು ಮನೋಜ್ ಮೋಹನನ್ ಮತ್ತಿತರರು 2014ರಲ್ಲಿ ತೂಗಿ ನೋಡಿದರು. ಆಸ್ಪತ್ರೆ ಹೆರಿಗೆಯಲ್ಲಾಗಲಿ, ಮನೆಯವರ ಖರ್ಚಿನಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಯೋಜನೆಗೆ ಸಿಕ್ಕಿದ್ದ ಹೊಗಳಿಕೆ ನೆನೆದರೆ ಅದು ದೊಡ್ಡ ಪೆಟ್ಟು. ಹಾಗೆಂದು ಪ್ರೋತ್ಸಾಹವೆಲ್ಲ ದಂಡ ಎನ್ನುವಂತೆಯೂ ಇಲ್ಲ. ಅರ್ಥಶಾಸ್ತ್ರಜ್ಞರಾದ ಬ್ಯಾನರ್ಜಿ, ಡುಫ್ಲೋ ಮತ್ತು ಸಂಗಡಿಗರು ಉದಯಪುರದ ಹಳ್ಳಿಗಳಲ್ಲಿ ಲಸಿಕೆಗೆ ಬಂದ ತಾಯಿಗೆ ಒಂದು ಕೆಜಿ ಬೇಳೆ ಕೊಟ್ಟರು. ಎಲ್ಲ ಲಸಿಕೆ ಪೂರೈಸಿದ ಮಕ್ಕಳು ಏನೂ ಮಾಡದ ಹಳ್ಳಿಗಳಲ್ಲಿ ನೂರಕ್ಕೆ 6, ಕ್ಯಾಂಪ್ ಮಾತ್ರ ನಡೆಸಿದಲ್ಲಿ 18, ಬೇಳೆಯೂ ಸೇರಿದಲ್ಲಿ 39. ನರ್ಸಮ್ಮನ ಸಂಬಳ ಹೇಗೂ ಕೊಡಲೇಬೇಕು, ಮಕ್ಕಳು ಹೆಚ್ಚು ಬಂದರೆ ತಲಾ ಖರ್ಚು ಇಳಿಯುತ್ತದೆ. ಹಾಗಾಗಿ ಬೇಳೆ ಕೊಟ್ಟ ಕ್ಯಾಂಪಿನಲ್ಲಿ ಎಲ್ಲ ಲಸಿಕೆ ಪೂರೈಸಿದ ಒಂದು ಮಗುವಿಗೆ ಬಿದ್ದ ವೆಚ್ಚ ಬರೀ ಕ್ಯಾಂಪಿನ ವೆಚ್ಚದ ಅರ್ಧ!

ಆಸ್ಪತ್ರೆಯ ಒಳಗಿನ ಕತೆಗೆ ಕರ್ನಾಟಕದ ಕೊಡುಗೆ ದೊಡ್ಡದು. ಬೆಂಗಳೂರಿನ ಐಐಎಂನಲ್ಲಿದ್ದ ಗೀತಾ ಸೇನ್, ಅದಿತಿ ಅಯ್ಯರ್, ಆಶಾ ಜಾರ್ಜ್ ಕೊಪ್ಪಳ ಜಿಲ್ಲೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ 2007ರಲ್ಲಿ ಬರೆದದ್ದು ಓದಿದರೆ ಬಾಣಂತಿಯರ ಸಾವಿಗೆ ಬಡತನವೊಂದೇ ಕಾರಣವಲ್ಲ, ಜಾತಿ, ಲಿಂಗ, ವರ್ಗ ಮೂರೂ ಹೆಣೆದುಕೊಂಡು ಕೊಲ್ಲುತ್ತವೆ ಎಂದು ತಿಳಿಯುತ್ತದೆ. ಬೆಳಗಾವಿಯಲ್ಲಿ 1,620 ಹೆಂಗಸರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಸರಳ: ಹೆರಿಗೆಯಾದ ಕೂಡಲೇ ಎಎನ್‌ಎಂ ಬಾಯಿಗೆ ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಅತಿ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಫ್ರಿಜ್ ಬೇಡ, ಸೂಜಿ ಬೇಡ. ರಾಜ್ಯದ ಖಾಸಗಿ ಹೆರಿಗೆ ಡಾಕ್ಟರುಗಳ ಜೊತೆ ಇನ್ನೊಂದು ಪ್ರಯೋಗ ನಡೆಯಿತು. ಕ್ರಮ ಪಾಲಿಸಿದ್ದಕ್ಕೆ ದುಡ್ಡು ಕೊಡಬೇಕೋ, ತಾಯಿ ಚೆನ್ನಾಗಿ ಉಳಿದದ್ದಕ್ಕೆ ಕೊಡಬೇಕೋ ಎಂಬುದು ಪ್ರಶ್ನೆ. ರಕ್ತಸ್ರಾವ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಸಮ ಇಳಿಯಿತು. ಹೆಚ್ಚು ಓದಿದ ಡಾಕ್ಟರುಗಳು ಎರಡನೆಯ ಬಗೆಯಲ್ಲಿ ಹೊಸ ದಾರಿ ಹುಡುಕಿಕೊಂಡರು. ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲಿ 11,000 ಚೊಚ್ಚಲ ಬಸುರಿಯರ ಮೇಲೆ ನಡೆಸಿ 2024ರಲ್ಲಿ ಪ್ರಕಟಿಸಿದ ಪ್ರಯೋಗ, ನನ್ನ ಮಟ್ಟಿಗೆ, ಇವೆಲ್ಲಕ್ಕಿಂತ ಉಪಯೋಗದ್ದು. ದಿನಕ್ಕೆ 1,500 ಮಿಲಿಗ್ರಾಂ ಕ್ಯಾಲ್ಸಿಯಂ ನುಂಗಿದವರಿಗೂ 500 ಮಿಲಿಗ್ರಾಂ ನುಂಗಿದವರಿಗೂ ಬಸುರಿನ ನಂಜು ಬರುವುದರಲ್ಲಿ ವ್ಯತ್ಯಾಸವಿರಲಿಲ್ಲ. ಮೂರು ದಪ್ಪ ಮಾತ್ರೆಯ ಕೆಲಸ ಒಂದರಲ್ಲಿ ಆಗುವುದಾದರೆ ಸರ್ಕಾರದ ಖರ್ಚೂ ಉಳಿಯಿತು, ಬಸುರಿಯ ಗಂಟಲೂ ಉಳಿಯಿತು.

ಗುಣಮಟ್ಟ ಎಂದರೆ ಏನು ಎಂದು ಇನ್ನೂ ಕೇಳುವವರಿಗೆ 2024ರ ಕೊನೆಯ ಬಳ್ಳಾರಿ ಸಾಕು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ತೀರಿಕೊಂಡರು. ಅನುಮಾನ ಗ್ಲೂಕೋಸಿನಂತೆ ನರಕ್ಕೆ ಏರಿಸುವ ದ್ರಾವಣದ ಮೇಲೆ ಬಿತ್ತು, ಸರ್ಕಾರ ಅದರ ಬಳಕೆ ನಿಲ್ಲಿಸಿತು. ಟೆಂಡರಿನಲ್ಲಿ ಉಳಿಸಿದ ಕಾಸಿಗೆ ಯಾರು ತೆರುತ್ತಾರೆ ಎನ್ನುವುದೂ ಅರ್ಥಶಾಸ್ತ್ರವೇ.

ಮಂಡ್ಯಕ್ಕೆ ಇನ್ನೊಂದು ಲೆಕ್ಕ ಬಾಕಿಯಿದೆ. 2023ರಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಭ್ರೂಣಹತ್ಯೆ ಜಾಲ ಸ್ಕ್ಯಾನಿಂಗ್ ಮಾಡುತ್ತಿದ್ದುದು ನಮ್ಮ ಜಿಲ್ಲೆಯ ಆಲೆಮನೆಯೊಂದರಲ್ಲಿ. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣೋ ಗಂಡೋ ಎಂದು ನೋಡಿ ಹೇಳುತ್ತಿದ್ದರು. ಅಮರ್ತ್ಯ ಸೇನ್ 1990ರಲ್ಲಿ ‘ಕಾಣೆಯಾದ ಹೆಂಗಸರ’ ಬಗ್ಗೆ ಬರೆದಾಗ ಅದು ಉತ್ತರದ ಕಾಯಿಲೆ ಎಂದು ನಾವು ನಿರಾಳವಾಗಿದ್ದೆವು. ಇದಕ್ಕೆ ಎದುರಾಗಿ ನೋಡಬೇಕಾದ್ದು ಶ್ರೀಲಂಕಾದ ಕತೆ. ಅಲ್ಲಿ 1946ರ ನಂತರ ಬಾಣಂತಿಯರ ಸಾವು ದಿಢೀರನೆ ಇಳಿದಾಗ ಹೆಣ್ಣುಮಕ್ಕಳ ಓದೂ ಏರಿತು ಎಂದು ಸೀಮಾ ಜಯಚಂದ್ರನ್ ಮತ್ತು ಅಡ್ರಿಯಾನಾ ಲೆರಾಸ್-ಮ್ಯೂನಿ 2009ರಲ್ಲಿ ಲೆಕ್ಕ ಸಮೇತ ತೋರಿಸಿದರು. ಮಗಳು ಬಾಳಿ ಬದುಕುತ್ತಾಳೆ ಎಂಬ ಭರವಸೆ ಬಂದರೆ ಅಪ್ಪ-ಅಮ್ಮ ಅವಳ ಮೇಲೆ ಖರ್ಚು ಮಾಡುತ್ತಾರೆ.

ಈಗ ತಾಯಿ ಕಾರ್ಡಿನಲ್ಲಿ ಇಲ್ಲದ ಕಾಲಂಗೆ ಬರೋಣ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನದು. ಬಸುರಿ ಮಳವಳ್ಳಿಗೋ ಮದ್ದೂರಿಗೋ ತಾಯಿಮನೆಗೆ ಹೋಗುತ್ತಾಳೆ. ಕೊತ್ತತ್ತಿಯ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಬಸುರು, ಇನ್ನೊಂದು ಊರಿನ ಪುಸ್ತಕದಲ್ಲಿ ಹೆರಿಗೆ. ತವರಿನಲ್ಲಿ ಕೊಬ್ಬರಿ, ಉತ್ತುತ್ತಿ, ಅಂಟು, ತುಪ್ಪ ಬೇಕು. ಎಣ್ಣೆನೀರಿಗೆ ಸೌದೆ ಬೇಕು. ತೊಟ್ಟಿಲ ಶಾಸ್ತ್ರ, ಕಳಿಸಿಕೊಡುವಾಗ ಕೂಸಿಗೆ ಒಂದಿಷ್ಟು ಚಿನ್ನ ಬೇಕು. ಇವಕ್ಕಿಂತ ದೊಡ್ಡ ಖರ್ಚು ಅಜ್ಜಿಯಾದವಳದು. ಮೂರು ತಿಂಗಳು ಅವಳು ನಾಟಿಗೂ ಹೋಗುವಂತಿಲ್ಲ, ಕಬ್ಬಿನ ಕೆಲಸಕ್ಕೂ ಹೋಗುವಂತಿಲ್ಲ. ಆ ಕೂಲಿ ಯಾವ ಸಮೀಕ್ಷೆಯ ‘ಕೈಯಿಂದ ಆದ ಖರ್ಚಿ’ನಲ್ಲೂ ಸೇರುವುದಿಲ್ಲ, ಅಲ್ಲಿ ಬರೆಸಿಕೊಳ್ಳುವುದು ಔಷಧಿ, ಪರೀಕ್ಷೆ, ಆಟೋ ಬಾಡಿಗೆ. ಸ್ವಸಹಾಯ ಸಂಘದ ಸಾಲ ತೆಗೆಯುವವಳು ತಾಯಿ, ಕೇಂದ್ರದ ಮಾತೃ ವಂದನಾ ಯೋಜನೆಯ ಐದು ಸಾವಿರ ಜಮೆಯಾಗುವುದು ಮಗಳ ಖಾತೆಗೆ. ಐದು ಸಾವಿರವಾದರೂ ಎಷ್ಟಾಯಿತು? 2024-25ರ ಉದ್ಯೋಗ ಖಾತರಿ ಕೂಲಿ ದಿನಕ್ಕೆ 349 ರೂಪಾಯಿ. ಎರಡು ವಾರದ ದುಡಿಮೆಗೆ ಸಮ. ಕಚೇರಿಯಲ್ಲಿ ನೌಕರಿ ಮಾಡುವವಳಿಗೆ 2017ರ ತಿದ್ದುಪಡಿ ಕಾಯ್ದೆ ಕೊಟ್ಟದ್ದು 26 ವಾರದ ಸಂಬಳ ಸಹಿತ ರಜೆ. 2013ರ ಆಹಾರ ಭದ್ರತಾ ಕಾಯ್ದೆ ಹೇಳಿದ್ದು ಆರು ಸಾವಿರಕ್ಕೆ ಕಡಿಮೆಯಿಲ್ಲದಂತೆ ಎಂದು. ಮೊದಲ ಕೂಸಿಗೆ ಅಷ್ಟನ್ನೂ ಮಾತೃ ವಂದನೆಯೊಂದರಿಂದಲೇ ಕೊಟ್ಟಿಲ್ಲ.

2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣ ಯೋಜನೆಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಅಂಗನವಾಡಿಯಲ್ಲೇ ಕೂತು ಅನ್ನ-ಸಾರು, ಮೊಟ್ಟೆ, ಹಾಲು ಉಣ್ಣಬೇಕು ಎಂಬ ನಿಯಮದ ಹಿಂದಿನ ತರ್ಕ ಗಟ್ಟಿ: ಮನೆಗೆ ಕೊಟ್ಟರೆ ಬಸುರಿಯ ಪಾಲು ಎಲ್ಲರ ತಟ್ಟೆಗೆ ಹಂಚಿಹೋಗುತ್ತದೆ. ಭಾರತದಲ್ಲಿ ಬಸುರಾಗುವ ಹೊತ್ತಿಗೆ ಸಣಕಲಾಗಿರುವ ಹೆಂಗಸರು ನೂರಕ್ಕೆ 42 ಎಂದು ಡಯೇನ್ ಕಾಫಿ 2015ರಲ್ಲಿ ಲೆಕ್ಕ ಹಾಕಿದ್ದರು. ಆಫ್ರಿಕದ ಸಹಾರಾದ ದಕ್ಷಿಣದಲ್ಲಿ ಅದು 16.5. ಆದರೆ ದಿನವೂ ಬಿಸಿಲಲ್ಲಿ ನಡೆದು ಬರುವ ಹೊತ್ತಿಗೆ ಬೆಲೆ ಕಟ್ಟಿದವರಾರು? ಕೂಲಿಗೆ ಹೋದವಳು ಮಧ್ಯಾಹ್ನ ಊಟಕ್ಕೆಂದು ಗದ್ದೆಯಿಂದ ಬಂದರೆ ಅರ್ಧ ಕೂಲಿ ಹೋದಂತೆಯೇ.

ಮಂಡ್ಯದ ವೈದ್ಯಕೀಯ ಕಾಲೇಜಿನ ಸಮುದಾಯ ಆರೋಗ್ಯ ವಿಭಾಗವಿದೆ, ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯಲ್ಲಿ ಜನಸಂಖ್ಯಾ ಸಂಶೋಧನಾ ಕೇಂದ್ರವಿದೆ. ಕೊತ್ತತ್ತಿಯಂಥ ಒಂದು ಹೋಬಳಿಯ ಒಂದು ವರ್ಷದ ಬಸುರಿಯರನ್ನು ಗಂಡನ ಮನೆಯಿಂದ ತವರಿಗೆ, ತವರಿಂದ ಮತ್ತೆ ಗಂಡನ ಮನೆಗೆ ಹಿಂಬಾಲಿಸಿ, ಎರಡೂ ಮನೆಯ ಖರ್ಚನ್ನೂ ಬಿಟ್ಟ ಕೂಲಿಯನ್ನೂ ಬರೆಸುವುದು ಅವರಿಗೆ ಕಷ್ಟದ ಕೆಲಸವಲ್ಲ. ಆರೋಗ್ಯ ಇಲಾಖೆ ತಾಯಿ ಕಾರ್ಡನ್ನು ಮುಂದಿನ ಸಲ ಅಚ್ಚು ಹಾಕಿಸುವಾಗ ಅದಕ್ಕೊಂದು ಪುಟ ಸೇರಿಸಲಿ.