ಮಾಡಿಸಿಕೊಳ್ಳುವ ಸ್ನಾನ

ಸ್ನಾನವನ್ನು ನಾವು ಮಾಡುತ್ತೇವೆ. ದೀಕ್ಷಾಸ್ನಾನವನ್ನು ಮಾತ್ರ ಮಾಡಿಸಿಕೊಳ್ಳುತ್ತೇವೆ, ಇಲ್ಲವೇ ಹೊಂದುತ್ತೇವೆ. ಕನ್ನಡ ಬೈಬಲಿನಲ್ಲೂ ಚರ್ಚಿನ ಅಂಗಳದ ಮಾತಿನಲ್ಲೂ ಕ್ರಿಯಾಪದ ಬರುವುದೇ ಹೀಗೆ. ತನಗೆ ತಾನೇ ಯಾರೂ ದೀಕ್ಷಾಸ್ನಾನ ಕೊಟ್ಟುಕೊಳ್ಳುವಂತಿಲ್ಲ ಎಂಬ ಕ್ರೈಸ್ತರ ಕಟ್ಟಳೆಯನ್ನು ನಮ್ಮ ವ್ಯಾಕರಣವೇ ಕಾಯುತ್ತಿದೆ. ನಮ್ಮ ಮನೆಗಳಲ್ಲಿ ಬೇರೆಯವರ ಕೈಯಿಂದ ನೀರು ಹಾಕಿಸಿಕೊಳ್ಳುವವರು ಯಾರು? ಎಳೆಗೂಸು, ಬಾಣಂತಿ, ಕೊನೆಯಲ್ಲಿ ಶವ. ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು ಈ ಸ್ನಾನವನ್ನು ಕ್ರಿಸ್ತನೊಂದಿಗೆ ಹೂಳಲ್ಪಟ್ಟು ಹೊಸ ಬಾಳಿಗೆ ಏಳುವುದು ಎಂದು ಬಿಡಿಸಿ ಹೇಳುತ್ತಾನೆ. ಹುಟ್ಟಿನ ನೀರನ್ನೂ ಸಾವಿನ ನೀರನ್ನೂ ಒಂದೇ ಬಚ್ಚಲಲ್ಲಿ ಕಂಡವರಿಗೆ ಆ ಮಾತು ಬೇಗ ಹತ್ತಿರವಾಗುತ್ತದೆ.

ದೀಕ್ಷಾಸ್ನಾನದ ಗ್ರೀಕ್ ಮೂಲಪದಕ್ಕೆ ಅದ್ದು, ಮುಳುಗಿಸು ಎಂದಷ್ಟೇ ಅರ್ಥ. ಹಡಗು ಮುಳುಗಿದರೂ ಅದೇ ಪದ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ನಾಮಾನನು ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿದ ಕಥೆಗೂ ಅದರ ಹಳೆಯ ಗ್ರೀಕ್ ಅನುವಾದ ಇದನ್ನೇ ಬಳಸಿದೆ. ತೆಲುಗರು ಅದನ್ನು ಬಾಪ್ತಿಸ್ಮಮು ಎಂದು ಉಳಿಸಿಕೊಂಡರು, ಮಂಗಳೂರಿನ ಕೊಂಕಣಿಗರು ಬಾಪ್ತಿಜ್ಮ್ ಎಂದರು. ಮಲಯಾಳಿಗಳ ಮಾಮೋದೀಸ ಸಿರಿಯಾಕ್ ಭಾಷೆಯಿಂದ ಬಂದದ್ದು. ತಮಿಳಿನಲ್ಲಿ ಅದು ಜ್ಞಾನಸ್ನಾನ. ಕನ್ನಡ ಬೈಬಲು ಸ್ನಾನದ ಹಿಂದೆ ದೀಕ್ಷೆಯನ್ನು ಇಟ್ಟಿತು. ಈ ಆಯ್ಕೆ ನನಗೆ ಬಹಳ ಇಷ್ಟ.

ಏಕೆಂದರೆ ದೀಕ್ಷೆ ಎನ್ನುವುದು ತಯಾರಿಯ ಪದ. ಸೋಮಯಾಗದಲ್ಲಿ ಯಜಮಾನ ಮೊದಲು ದೀಕ್ಷೆ ಹಿಡಿಯುತ್ತಾನೆ, ಯಾಗ ಮುಗಿದ ಮೇಲೆ ಅವಭೃಥ ಸ್ನಾನ. ಲಿಂಗದೀಕ್ಷೆಯಲ್ಲಿ ಗುರು ಕಿವಿಯಲ್ಲಿ ಮಂತ್ರ ಹೇಳುತ್ತಾನೆ. ಜಿನದೀಕ್ಷೆಯವರು ತಲೆಗೂದಲನ್ನು ಕೈಯಿಂದಲೇ ಕಿತ್ತುಕೊಳ್ಳುತ್ತಾರೆ. ಓದು ಮುಗಿಸಿ ಮಿಂದವನು ಸ್ನಾತಕ. ಇಂದಿನ ಸ್ನಾತಕೋತ್ತರ ಪದವಿಯ ಹೆಸರಿನೊಳಗೂ ಆ ಹಳೆಯ ನೀರಿದೆ. ಮೊದಲು ನೇಮ, ಆಮೇಲೆ ನೀರು.

ಆದಿ ಕ್ರೈಸ್ತ ಸಭೆಯ ಕ್ರಮವೂ ಇದೇ. ದೀಕ್ಷಾರ್ಥಿಯನ್ನು ಗ್ರೀಕರು ಕಿವಿಗೆ ಪಾಠ ಬೀಳುತ್ತಿರುವವನು ಎಂಬ ಅರ್ಥದ ಪದದಿಂದ ಕರೆದರು. 'ಅಪೊಸ್ತಲರ ಸಂಪ್ರದಾಯ' ಎಂಬ ಪ್ರಾಚೀನ ಗ್ರಂಥ ಮೂರು ವರ್ಷದ ಪಾಠವನ್ನು ವಿಧಿಸುತ್ತದೆ. ಒಬ್ಬನಲ್ಲಿ ನಿಜವಾದ ಶ್ರದ್ಧೆ ಕಂಡರೆ ಕಾಲವನ್ನು ನೋಡಬೇಡಿ, ನಡತೆಯನ್ನು ನೋಡಿ ಎಂದೂ ಹೇಳುತ್ತದೆ. ಕೊನೆಯಲ್ಲಿ ಕೇಳುವ ಪ್ರಶ್ನೆಗಳು ಇವು: ವಿಧವೆಯರನ್ನು ಗೌರವಿಸಿದನೇ? ಕಾಯಿಲೆಯವರನ್ನು ಹೋಗಿ ನೋಡಿದನೇ? ನಾಲ್ಕನೆಯ ಶತಮಾನದ ಯೆರೂಸಲೇಮಿನಲ್ಲಿ ಬಿಷಪ್ ಸಿರಿಲ್, ವಿಶ್ವಾಸಪ್ರಮಾಣವನ್ನು ಹಾಳೆಯ ಮೇಲೆ ಬರೆದುಕೊಳ್ಳದೆ ಎದೆಯಲ್ಲಿ ಕಂಠಪಾಠವಾಗಿ ಇಟ್ಟುಕೊಳ್ಳಿ ಎಂದು ದೀಕ್ಷಾರ್ಥಿಗಳಿಗೆ ಹೇಳುತ್ತಿದ್ದ. ಅವರು ಪಶ್ಚಿಮಕ್ಕೆ ಮುಖಮಾಡಿ ಸೈತಾನನನ್ನು ತೊರೆದು, ಪೂರ್ವಕ್ಕೆ ತಿರುಗಿ ನಂಬಿಕೆಯನ್ನು ನುಡಿದು, ನೀರಿಗೆ ಇಳಿಯುತ್ತಿದ್ದರು. 387ರ ಈಸ್ಟರ್ ರಾತ್ರಿ ಮಿಲಾನಿನಲ್ಲಿ ಅಂಬ್ರೋಸನ ಕೈಯಿಂದ ಅಗಸ್ಟೀನ್ ಹೊಂದಿದ್ದು ಇಂಥ ತಯಾರಿಯ ಕೊನೆಯ ಸ್ನಾನವನ್ನೇ.

ಈಗ ಮಗುವಿಗೆ ದೀಕ್ಷಾಸ್ನಾನ ಎಂದರೆ ಮನೆಯಲ್ಲಿ ಮೊದಲು ಏಳುವ ಮಾತು ಹಾಲ್, ಊಟ, ಬಿಳಿ ಗೌನಿನ ಅಳತೆ. ಸಂಭ್ರಮ ಬೇಡವೆಂದು ನಾನು ಹೇಳಲಾರೆ. ಹುಟ್ಟನ್ನು ಹಬ್ಬ ಮಾಡದೆ ಇರುವುದಾದರೂ ಹೇಗೆ? ಆದರೆ ಪದದ ಮೊದಲ ಅರ್ಧ ಹೀಗೆ ಸದ್ದಿಲ್ಲದೆ ಉದುರಿಹೋಗುವುದು ನನ್ನನ್ನು ನೋಯಿಸುತ್ತದೆ. ಕೂಸಿಗೇನು ತಯಾರಿ, ಅದಕ್ಕೇನು ತಿಳಿದೀತು ಎನ್ನುವವರಿದ್ದಾರೆ. ತಿಳಿದು ನಂಬಿದವರಿಗಷ್ಟೇ ಕೊಡಬೇಕೆಂದು ಬ್ಯಾಪ್ಟಿಸ್ಟರು, ಪೆಂತೆಕೊಸ್ತರು ದೊಡ್ಡವರನ್ನು ಮಾತ್ರ ಮುಳುಗಿಸುತ್ತಾರೆ. ಕೂಸನ್ನು ತರುವ ಸಭೆಗಳಲ್ಲಿ ಕೂಸಿನ ಪರವಾಗಿ ಹೆತ್ತವರೂ ಜ್ಞಾನಪೋಷಕರೂ ಉತ್ತರ ಕೊಡುತ್ತಾರೆ. ಹಾಗಾದರೆ ದೀಕ್ಷೆಯ ಪಾಲು ಅವರದ್ದೇ.

ಸುಮಾರು ಒಂದನೆಯ ಶತಮಾನದ ಕೊನೆಯ 'ದಿದಾಖೆ' ಎಂಬ ಪುಟ್ಟ ಕ್ರೈಸ್ತ ಕೈಪಿಡಿ ನೀರಿನ ವಿಷಯದಲ್ಲಿ ತುಂಬ ಸಡಿಲ. ಹರಿಯುವ ನೀರು ಇರಲಿ, ಇಲ್ಲದಿದ್ದರೆ ಬೇರೆ ನೀರು, ತಣ್ಣೀರು ಆಗದಿದ್ದರೆ ಬಿಸಿನೀರು, ಎರಡೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ಯಿರಿ. ಉಪವಾಸದ ವಿಷಯದಲ್ಲಿ ಮಾತ್ರ ಬಿಗಿ: ಸ್ನಾನ ಹೊಂದುವವನು ಒಂದೆರಡು ದಿನ ಮೊದಲೇ ಉಪವಾಸವಿರಬೇಕು. ಸ್ನಾನ ಕೊಡುವವನೂ ಇರಬೇಕು, ಜೊತೆಗೆ ಕೈಲಾದ ಉಳಿದವರೂ.